ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಗ್ರಾಮೀಣ ಮನೆಗಳಲ್ಲಿ ಬೇಸಿಗೆ: ಹವಾಮಾನ, ಬಾವಿ ನೀರು ಮತ್ತು ಮಳೆಗಾಲದ ಸಿದ್ಧತೆ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳು ಪಶ್ಚಿಮಕ್ಕೆ ಅರಬ್ಬೀ ಸಮುದ್ರವನ್ನೂ ಪೂರ್ವಕ್ಕೆ ಸಹ್ಯಾದ್ರಿಯ ಘಟ್ಟಗಳನ್ನೂ ಹೊಂದಿವೆ. ಕಾಳಿ ನದಿಯು ಕಾರವಾರದ ಬಳಿಯಲ್ಲಿ, ಗಂಗಾವಳಿ ನದಿಯು ಅಂಕೋಲಾ ತಾಲ್ಲೂಕಿನ ಮಂಜಗುಣಿಯ ಬಳಿಯಲ್ಲಿ ಸಮುದ್ರವನ್ನು ಸೇರುತ್ತವೆ. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ಮಳೆ ಬೀಳುತ್ತದೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬಿದ್ದು ಹೊಳೆಗಳ ಮೂಲಕ ಸಮುದ್ರಕ್ಕೆ ಹೋಗುತ್ತದೆ. ಆದುದರಿಂದ ಮಳೆ ಹೆಚ್ಚಿರುವ ಈ ತಾಲ್ಲೂಕುಗಳಲ್ಲಿಯೂ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಾವಿಗಳು ತಳ ಕಾಣುತ್ತವೆ.

ಇಲ್ಲಿನ ಗ್ರಾಮೀಣ ಮನೆಗಳಿಗೆ ಬೇಸಿಗೆಯು ಬಿಡುವಿನ ಕಾಲವಲ್ಲ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ದಾಸ್ತಾನನ್ನು ಒಣಗಿಸಿ, ಕಟ್ಟಿ, ಅಟ್ಟಕ್ಕೆ ಏರಿಸುವ ಕಾಲವದು. ಈ ಕೆಲಸಕ್ಕೆ ಬಿಸಿಲು ಬೇಕು. ಬಿಸಿಲಿನಲ್ಲಿ ದುಡಿಯುವವರಿಗೆ ನೀರು ಬೇಕು. ಅದೇ ಸಮಯದಲ್ಲಿ ಬಾವಿಯಲ್ಲಿ ನೀರು ಕಡಿಮೆ ಇರುತ್ತದೆ. ಈ ಕಾರಣದಿಂದ ಬೇಸಿಗೆಯ ತೊಂದರೆಗಳಿಗೆ ಸಂಬಂಧಿಸಿದ ಅರ್ಜಿಗಳನ್ನು ತೊಂದರೆ ಬಂದ ಮೇಲೆ ಮೇ ತಿಂಗಳಿನಲ್ಲಿ ಸಲ್ಲಿಸುವುದಕ್ಕಿಂತ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿಯೇ ಸಲ್ಲಿಸುವುದು ಸೂಕ್ತ. ಯಾವ ತೊಂದರೆ ಯಾವಾಗ ಬರುತ್ತದೆ, ಮನೆಯಲ್ಲಿ ಏನು ಮಾಡಬಹುದು ಮತ್ತು ಯಾವ ಕಛೇರಿಯನ್ನು ಸಂಪರ್ಕಿಸಬೇಕು ಎಂಬುದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಬೇಸಿಗೆಯ ಎರಡು ಹಂತಗಳು

ಕರಾವಳಿಯ ಬೇಸಿಗೆಯು ಒಂದೇ ಬಗೆಯದಲ್ಲ. ಅದರಲ್ಲಿ ಎರಡು ಹಂತಗಳಿವೆ.

(ಅ) ಒಣ ಸೆಕೆಯ ಹಂತ: ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ. ಕರಾವಳಿಯಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಮೊದಲೇ ಸಮುದ್ರದ ಕಡೆಯಿಂದ ತಂಪುಗಾಳಿ ಬೀಸತೊಡಗಿ ತಾಪಮಾನವನ್ನು ಹಿಡಿತದಲ್ಲಿ ಇಡುತ್ತದೆ. ಆದರೆ ಈ ಹಂತದ ಕೆಲವು ದಿನಗಳಲ್ಲಿ ಘಟ್ಟದ ಮೇಲಿನಿಂದ ಬರುವ ಒಣ ಮೂಡಣಗಾಳಿಯು ಬಲವಾಗಿದ್ದು ಸಮುದ್ರದ ಗಾಳಿಯನ್ನು ತಡಮಾಡುತ್ತದೆ. ಅಂತಹ ದಿನಗಳಲ್ಲಿ ತಾಪಮಾನವು ಮೇ ತಿಂಗಳಿಗಿಂತಲೂ ಹೆಚ್ಚಾಗಬಹುದು. 2025ರ ಫೆಬ್ರವರಿ ಕೊನೆಯ ವಾರದಲ್ಲಿ ಭಾರತ ಹವಾಮಾನ ಇಲಾಖೆಯು ಕರ್ನಾಟಕದ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆಯನ್ನು ನೀಡಿತ್ತು. ಬಯಲು ಸೀಮೆಯಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಬಿಸಿಗಾಳಿಯನ್ನು ಪರಿಗಣಿಸಲಾಗುತ್ತದೆ. ಕರಾವಳಿ ಪ್ರದೇಶಕ್ಕೆ ಈ ಮಿತಿಯು 37 ಡಿಗ್ರಿಯಾಗಿದ್ದು, ಅದು ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು.

(ಆ) ಹಸಿ ಸೆಕೆಯ ಹಂತ: ಏಪ್ರಿಲ್‌ನಿಂದ ಮುಂಗಾರು ಆರಂಭವಾಗುವವರೆಗೆ. ಈ ಹಂತದಲ್ಲಿ ಗರಿಷ್ಠ ತಾಪಮಾನವು ಸಾಮಾನ್ಯವಾಗಿ 32ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಅಂಕಿಯನ್ನು ಮಾತ್ರ ನೋಡಿದರೆ ಇದು ಕಲಬುರಗಿ, ರಾಯಚೂರುಗಳಿಗಿಂತ ಕಡಿಮೆಯೆಂದು ತೋರುತ್ತದೆ. ಆದರೆ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದಲ್ಲಿ ದೇಹವು ತಣಿಯುವುದಿಲ್ಲ. ಅಮೆರಿಕ ದೇಶದ ಹವಾಮಾನ ಸೇವೆಯು ಬಳಸುವ ಶಾಖ ಸೂಚ್ಯಂಕದ ಪ್ರಕಾರ 32 ಡಿಗ್ರಿ ತಾಪಮಾನ ಮತ್ತು ಶೇಕಡಾ 70ರಷ್ಟು ತೇವಾಂಶ ಇದ್ದಾಗ ಮನುಷ್ಯನ ದೇಹಕ್ಕೆ ಸುಮಾರು 41 ಡಿಗ್ರಿಯಷ್ಟು ಸೆಕೆಯ ಅನುಭವವಾಗುತ್ತದೆ. ಆದುದರಿಂದ ಪತ್ರಿಕೆಯಲ್ಲಿ ಪ್ರಕಟವಾಗುವ ತಾಪಮಾನ ಕಡಿಮೆ ಇದೆಯೆಂಬ ಕಾರಣಕ್ಕೆ ಕರಾವಳಿಯವರು ನಿರ್ಲಕ್ಷ್ಯ ವಹಿಸಬಾರದು.

3. ಮನೆ ಮತ್ತು ದಿನಚರಿ

ಈ ತಾಲ್ಲೂಕುಗಳ ಹಳೆಯ ಮನೆಗಳನ್ನು ಚಿರೆಕಲ್ಲು ಅಥವಾ ಮಣ್ಣಿನ ಗೋಡೆ, ಇಳಿಜಾರಾದ ಹೆಂಚಿನ ಮಾಡು, ಮುಂಭಾಗದ ಜಗುಲಿ ಹಾಗೂ ಅಟ್ಟ ಇವುಗಳೊಂದಿಗೆ ಕಟ್ಟಲಾಗಿದೆ. ದಪ್ಪ ಗೋಡೆಯು ಹಗಲಿನ ಬಿಸಿಯನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ಹೆಂಚುಗಳ ಸಂದಿಯಿಂದ ಬಿಸಿಗಾಳಿಯು ಮೇಲಕ್ಕೆ ಹೊರಹೋಗುತ್ತದೆ. ಇತ್ತೀಚೆಗೆ ತಗಡು ಅಥವಾ ಸಿಮೆಂಟ್ ಶೀಟು ಹೊದಿಸಿದ ಮನೆಗಳು ಹೆಚ್ಚಿದ್ದು, ಇವುಗಳಲ್ಲಿ ಮಧ್ಯಾಹ್ನದ ಸೆಕೆಯು ಅಧಿಕವಾಗಿರುತ್ತದೆ. ಇಂತಹ ಮನೆಗಳವರು ಕೆಳಕಂಡ ಕ್ರಮಗಳನ್ನು ಅನುಸರಿಸಬಹುದು.

- ಶೀಟಿನ ಮೇಲೆ ತೆಂಗಿನ ಮಡಲುಗಳನ್ನು ಹಾಸುವುದು ಅಥವಾ ಸುಣ್ಣ ಬಳಿಯುವುದು. ಮಡಲು ಹಾಸಿದಲ್ಲಿ ಒಲೆಯ ಹೊಗೆಗಂಡಿ ಮತ್ತು ವಿದ್ಯುತ್ ತಂತಿಗಳಿಂದ ದೂರವಿರುವಂತೆ ನೋಡಿಕೊಳ್ಳಬೇಕು ಹಾಗೂ ಮಳೆಗೆ ಮುನ್ನ ತೆಗೆಯಬೇಕು.
- ಅಂಗಳದಲ್ಲಿ ಮಡಲಿನ ಚಪ್ಪರ ಹಾಕುವುದು. ಇದರಿಂದ ಗೋಡೆಗೆ ನೇರ ಬಿಸಿಲು ತಾಗುವುದು ತಪ್ಪುತ್ತದೆ.
- ಮುಂಜಾನೆ ಮತ್ತು ರಾತ್ರಿ ಕಿಟಕಿಗಳನ್ನು ತೆರೆದಿಟ್ಟು, ಒಣಗಾಳಿ ಬೀಸುವ ದಿನಗಳಲ್ಲಿ ನಡುಹಗಲಿನಲ್ಲಿ ಮುಚ್ಚುವುದು.
- ಕಟ್ಟಿಗೆ ಒಲೆಯ ಅಡುಗೆಯನ್ನು ಬೆಳಗಿನ ಒಂಬತ್ತು ಗಂಟೆಯೊಳಗೆ ಮುಗಿಸುವುದು. ಹೊರಗಿನ ಬಿಸಿಗೆ ಒಲೆಯ ಬಿಸಿಯೂ ಸೇರುವುದರಿಂದ, ಬಿಸಿಲಿಗೆ ಹೋಗದಿದ್ದರೂ ಅಡುಗೆ ಮಾಡುವವರು ಅಸ್ವಸ್ಥರಾಗುವ ಸಂಭವವಿದೆ.

ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಕಟ್ಟಿಗೆ ಒಡೆಯುವುದು, ಗದ್ದೆ ಅಗೆಯುವುದು, ಮಾಡಿನ ಹೆಂಚು ಸರಿಪಡಿಸುವುದು ಮುಂತಾದ ಶ್ರಮದ ಕೆಲಸಗಳನ್ನು ಮಾಡಬಾರದು. ಒಣಗಲು ಹಾಕುವ ಪದಾರ್ಥಗಳಿಗೆ ನಡುಹಗಲಿನ ಬಿಸಿಲು ಬೇಕಾದರೂ ಅವುಗಳ ಬಳಿ ಮನುಷ್ಯರು ಬಿಸಿಲಿನಲ್ಲಿ ಕಾಯುತ್ತ ಕೂರಬೇಕಾಗಿಲ್ಲ. ಕಾಗೆ, ಕೋಳಿಗಳಿಂದ ರಕ್ಷಣೆಗಾಗಿ ಹಳೆಯ ಮೀನುಬಲೆಯನ್ನು ಹೊದಿಸಿದರೆ ಸಾಕಾಗುತ್ತದೆ.

ಮನೆಯ ಪಶ್ಚಿಮಕ್ಕೆ ಮರವಿದ್ದಲ್ಲಿ ಸಂಜೆಯ ಬಿಸಿಲು ತಡೆಯಲ್ಪಡುತ್ತದೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯವರಾದ, 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸ್ವೀಕರಿಸಿದ ಹಾಗೂ 2024ರ ಡಿಸೆಂಬರ್‌ನಲ್ಲಿ ನಿಧನರಾದ ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ಬೀಜ ಸಂಗ್ರಹಿಸಿ ಸಸಿ ಬೆಳೆಸಿದುದು ಇದೇ ನಾಡಿನಲ್ಲಿ. ಮಳೆಗಾಲದ ಆರಂಭದಲ್ಲಿ ನೆಡಲು ಸಸಿಗಳು ಬೇಕಾದವರು ಬೇಸಿಗೆಯಲ್ಲಿಯೇ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸತಕ್ಕದ್ದು. ರೈತರು ಪಹಣಿ ಪತ್ರಿಕೆಯನ್ನು ಜೊತೆಯಲ್ಲಿ ಒಯ್ಯುವುದು ಅನುಕೂಲ.

4. ಬಾವಿಯ ನೀರು ಉಪ್ಪಾಗುವ ಬಗೆ

ಸಮುದ್ರ ಮತ್ತು ನದೀಮುಖದ ಸಮೀಪದ ಹಳ್ಳಿಗಳಲ್ಲಿ ನೀರು ಬತ್ತುವುದಕ್ಕಿಂತ ಮೊದಲೇ ಉಪ್ಪಾಗುತ್ತದೆ. ನೆಲದಡಿಯಲ್ಲಿ ಸಿಹಿನೀರು ಹಗುರವಾದ್ದರಿಂದ ಮೇಲೂ ಉಪ್ಪುನೀರು ಭಾರವಾದ್ದರಿಂದ ಕೆಳಗೂ ಇರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರದಲ್ಲಿ ನಿಂತ ಸಿಹಿನೀರು ಸುಮಾರು 40 ಅಡಿ ಆಳದವರೆಗೆ ಉಪ್ಪುನೀರನ್ನು ತಡೆದು ನಿಲ್ಲಿಸುತ್ತದೆ ಎಂಬುದು ಭೂಜಲ ವಿಜ್ಞಾನದ ಸಾಮಾನ್ಯ ಲೆಕ್ಕ. ಅಂದರೆ ಸಿಹಿನೀರಿನ ಮಟ್ಟವು ಒಂದು ಅಡಿ ಇಳಿದರೂ ಉಪ್ಪುನೀರು ಬಹಳಷ್ಟು ಮೇಲಕ್ಕೆ ಬರಲು ಅವಕಾಶವಾಗುತ್ತದೆ. ಇದಲ್ಲದೆ ಬೇಸಿಗೆಯಲ್ಲಿ ನದಿಯ ಹರಿವು ಕಡಿಮೆಯಾದಾಗ ಭರತದ ನೀರು ನದಿಯಲ್ಲಿ ಒಳನಾಡಿನವರೆಗೂ ಏರುತ್ತದೆ. ಹಳ್ಳಗಳಿಗೆ ಕಟ್ಟಿರುವ ಕಿಂಡಿ ಅಣೆಕಟ್ಟುಗಳ ಹಲಗೆಗಳನ್ನು ಮಳೆಗಾಲ ಮುಗಿದ ಕೂಡಲೇ ಹಾಕಿದಲ್ಲಿ ಈ ಏರಿಕೆಗೆ ತಡೆಯಾಗುತ್ತದೆ ಹಾಗೂ ಸುತ್ತಲಿನ ಬಾವಿಗಳಲ್ಲಿ ಸಿಹಿನೀರು ನಿಲ್ಲುತ್ತದೆ. ಹಲಗೆ ಹಾಕದಿರುವುದು ಕಂಡುಬಂದಲ್ಲಿ ಗ್ರಾಮ ಪಂಚಾಯಿತಿಗೆ ತಿಳಿಸತಕ್ಕದ್ದು.

ಇಂತಹ ಬಾವಿಗಳನ್ನು ಹೊಂದಿರುವವರು ಗಮನಿಸಬೇಕಾದ ಅಂಶಗಳು:

- ಪಂಪನ್ನು ಒಂದೇ ಬಾರಿಗೆ ದೀರ್ಘಕಾಲ ಓಡಿಸದೆ, ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಸ್ವಲ್ಪ ಕಾಲ ಓಡಿಸಬೇಕು. ಒಮ್ಮೆಗೇ ಹೆಚ್ಚು ನೀರೆತ್ತಿದಲ್ಲಿ ಕೆಳಗಿನ ಉಪ್ಪುನೀರು ಮೇಲೆ ಬರುತ್ತದೆ.
- ನೀರು ಕಡಿಮೆಯಾಯಿತೆಂದು ಬಾವಿಯನ್ನು ಇನ್ನಷ್ಟು ಆಳ ಮಾಡುವುದರಿಂದ ಉಪ್ಪುನೀರು ಬೇಗ ಸಿಗುವ ಸಂಭವವಿದೆ. ಆಳ ಮಾಡುವ ಮುನ್ನ ತಜ್ಞರ ಸಲಹೆ ಪಡೆಯಬೇಕು.
- ಕುದಿಸುವುದರಿಂದ ಅಥವಾ ಬ್ಲೀಚಿಂಗ್ ಪುಡಿ ಹಾಕುವುದರಿಂದ ರೋಗಾಣುಗಳು ನಾಶವಾಗುತ್ತವೆಯೇ ಹೊರತು ಉಪ್ಪು ಹೋಗುವುದಿಲ್ಲ. ಕುದಿಸಿದ ನೀರು ಆವಿಯಾಗಿ ಕಡಿಮೆಯಾದಷ್ಟೂ ಉಪ್ಪಿನ ಪ್ರಮಾಣ ಹೆಚ್ಚುತ್ತದೆ.
- ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಘನಪದಾರ್ಥಗಳು ಲೀಟರಿಗೆ 500 ಮಿಲಿಗ್ರಾಂ, ಕ್ಲೋರೈಡ್ 250 ಮಿಲಿಗ್ರಾಂ ಮೀರದಿರುವುದು ಅಪೇಕ್ಷಣೀಯ. ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ ಕ್ರಮವಾಗಿ 2,000 ಮತ್ತು 1,000 ಮಿಲಿಗ್ರಾಂವರೆಗೆ ಅವಕಾಶವಿದೆ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪುನೀರನ್ನು ಕುಡಿಯುವ ಮುನ್ನ ವೈದ್ಯರನ್ನು ವಿಚಾರಿಸಬೇಕು.

5. ಮನೆಯ ನೀರಿನ ಲೆಕ್ಕ

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅನ್ವಯ ಗ್ರಾಮೀಣ ಪ್ರದೇಶದಲ್ಲಿ ತಲಾ ದಿನವೊಂದಕ್ಕೆ 55 ಲೀಟರ್ ನೀರು ಎಂಬ ಪ್ರಮಾಣವನ್ನು ನಿಗದಿಪಡಿಸಲಾಯಿತು. ಐದು ಜನರ ಕುಟುಂಬಕ್ಕೆ ಇದು 275 ಲೀಟರ್ ಆಗುತ್ತದೆ. 15 ಲೀಟರಿನ ಕೊಡದ ಲೆಕ್ಕದಲ್ಲಿ ಸುಮಾರು 18 ಕೊಡಗಳು. ನೀರಿನ ಸ್ಥಳಕ್ಕೆ ಹೋಗಿಬರಲು ಕೊಡವೊಂದಕ್ಕೆ ಹತ್ತು ನಿಮಿಷ ಹಿಡಿದರೆ ದಿನಕ್ಕೆ ಮೂರು ಗಂಟೆಗಳು ನೀರಿಗಾಗಿಯೇ ವ್ಯಯವಾಗುತ್ತವೆ. ಈ ಮೂರು ಗಂಟೆಗಳು ಸಾಮಾನ್ಯವಾಗಿ ಮನೆಯ ಹೆಂಗಸರ ಪಾಲಿಗೆ ಬರುತ್ತವೆ.

ಆದರೆ ಈ 18 ಕೊಡಗಳೂ ಕುಡಿಯುವ ನೀರಾಗಿರಬೇಕಿಲ್ಲ. ಕುಡಿಯಲು ಮತ್ತು ಅಡುಗೆಗೆ ತಲಾ 7ರಿಂದ 8 ಲೀಟರ್ ಎಂದು ಹಿಡಿದರೆ ಐದು ಜನರಿಗೆ ಮೂರು ಕೊಡಗಳು ಸಾಕು. ಬಾವಿಯ ನೀರು ಸ್ವಲ್ಪ ಉಪ್ಪಾಗಿದ್ದಲ್ಲಿ ಅದನ್ನು ಪಾತ್ರೆ, ಬಟ್ಟೆ, ಶೌಚ ಇವುಗಳಿಗೆ ಬಳಸಿ, ನಳದ ಅಥವಾ ಟ್ಯಾಂಕರಿನ ಸಿಹಿನೀರನ್ನು ಮುಚ್ಚಳವಿರುವ ಪ್ರತ್ಯೇಕ ಪಾತ್ರೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ದನಕರುಗಳಿಗೂ ನೆರಳಿನಲ್ಲಿ ನೀರಿನ ಬಾನಿ ಇಡುವುದು ಅವಶ್ಯಕ.

6. ಕುಡಿಯುವ ನೀರಿಗಾಗಿ ಮನವಿ ಸಲ್ಲಿಸುವ ವಿಧಾನ

ನಳದ ನೀರು ಬಾರದಿದ್ದಲ್ಲಿ ಮೊದಲು ಗ್ರಾಮದ ನೀರುಗಂಟಿಯವರಿಗೆ, ತದನಂತರ ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ತಿಳಿಸಬೇಕು. ಲಿಖಿತ ಮನವಿಯಲ್ಲಿ ಈ ವಿವರಗಳಿರಲಿ:

(1) ಗ್ರಾಮ, ಮಜರೆ ಅಥವಾ ಕೊಪ್ಪದ ಹೆಸರು ಮತ್ತು ವಾರ್ಡು;
(2) ತೊಂದರೆಯಲ್ಲಿರುವ ಮನೆಗಳ ಹಾಗೂ ಜನರ ಸಂಖ್ಯೆ;
(3) ಈಗಿರುವ ನೀರಿನ ಮೂಲಗಳು ಮತ್ತು ಅವು ಯಾವ ದಿನಾಂಕದಿಂದ ಬತ್ತಿವೆ ಅಥವಾ ಉಪ್ಪಾಗಿವೆ;
(4) ಟ್ಯಾಂಕರ್ ಬರಬಹುದಾದ ರಸ್ತೆ ಇದೆಯೇ, ನೀರು ತುಂಬಿಸಿಕೊಳ್ಳಲು ಸಾರ್ವಜನಿಕ ತೊಟ್ಟಿ ಇದೆಯೇ ಎಂಬುದು;
(5) ಒಬ್ಬರು ಅಥವಾ ಇಬ್ಬರು ಗ್ರಾಮಸ್ಥರ ಹೆಸರು ಹಾಗೂ ದೂರವಾಣಿ ಸಂಖ್ಯೆ.

ಒಬ್ಬೊಬ್ಬರೇ ಪ್ರತ್ಯೇಕವಾಗಿ ದೂರುವುದಕ್ಕಿಂತ ಒಂದು ಮಜರೆಯವರೆಲ್ಲರೂ ಸೇರಿ ಒಂದೇ ಮನವಿ ನೀಡಿದಲ್ಲಿ ಟ್ಯಾಂಕರಿನ ಸುತ್ತುಗಳನ್ನು ನಿಗದಿಪಡಿಸುವುದು ಸುಲಭವಾಗುತ್ತದೆ. ಮನವಿಗೆ ದಿನಾಂಕ ಸಹಿತ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ಪಂಚಾಯಿತಿ ಮಟ್ಟದಲ್ಲಿ ಪರಿಹಾರ ದೊರೆಯದಿದ್ದಲ್ಲಿ ಸ್ವೀಕೃತಿಯ ಪ್ರತಿಯೊಂದಿಗೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳನ್ನು ಅಥವಾ ತಹಶೀಲ್ದಾರರನ್ನು ಸಂಪರ್ಕಿಸಬಹುದು. ನೀರಿನ ಪರೀಕ್ಷೆ ಬೇಕಾದವರು ಶುಭ್ರವಾದ ಬಾಟಲಿಯಲ್ಲಿ ಮಾದರಿ ಸಂಗ್ರಹಿಸುವ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸತಕ್ಕದ್ದು.

7. ಮಳೆಗಾಲದ ದಾಸ್ತಾನು

ಬೇಸಿಗೆಯಲ್ಲಿ ಈ ತಾಲ್ಲೂಕುಗಳ ಅಂಗಳಗಳಲ್ಲಿ ಅಕ್ಕಿ ಹಾಗೂ ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಮಾವು, ಮುರುಗಲು ಸಿಪ್ಪೆ (ಕಾರವಾರದ ಕಡೆ ಕೊಂಕಣಿಯಲ್ಲಿ ಭಿರಂಡ), ಹುಣಸೆ, ಕೊಬ್ಬರಿ ಇವು ಒಣಗುತ್ತವೆ. ಅಂಕೋಲೆಯ ಕರಿ ಇಶಾಡ ಮಾವಿನಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇದರ ಸಿಪ್ಪೆ ತೆಳು, ತಿರುಳು ಅಧಿಕ. ಹಣ್ಣು ಹೆಚ್ಚು ದಿನ ಉಳಿಯದ ಕಾರಣ ಮನೆಗಳಲ್ಲಿ ರಸವನ್ನು ಪದರ ಪದರವಾಗಿ ಬಿಸಿಲಿಗೆ ಒಣಗಿಸಿ ಇಡುವ ರೂಢಿಯಿದೆ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ ಒಣಮೀನಿನ ಸಂಗ್ರಹವೂ ಮೇ ತಿಂಗಳೊಳಗೆ ಮುಗಿಯಬೇಕಾಗುತ್ತದೆ. ಇದರೊಂದಿಗೆ ಅಡುಗೆ ಮತ್ತು ಬಚ್ಚಲ ಒಲೆಗೆ ಕಟ್ಟಿಗೆ, ದನಗಳಿಗೆ ಹುಲ್ಲು, ಕೊಟ್ಟಿಗೆಗೆ ತರಗೆಲೆ ಇವುಗಳನ್ನೂ ಕೂಡಿಡಬೇಕು.

ಈ ಕೆಲಸಗಳಿಗೆ ಮೇ ಕೊನೆಯವರೆಗೂ ಸಮಯವಿದೆಯೆಂದು ಎಣಿಸುವುದು ಈಗ ಸುರಕ್ಷಿತವಲ್ಲ. ಕೇರಳಕ್ಕೆ ಮುಂಗಾರು ಪ್ರವೇಶದ ವಾಡಿಕೆಯ ದಿನಾಂಕ ಜೂನ್ 1 ಆಗಿದ್ದು, ಅದು ಕಾರವಾರವನ್ನು ತಲುಪಲು ಸಾಮಾನ್ಯವಾಗಿ ಇನ್ನೂ ಕೆಲವು ದಿನಗಳು ಬೇಕು. ಆದರೆ 2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿ, ಮರುದಿನದ ವೇಳೆಗೆ ಕಾರವಾರವನ್ನು ಹಾದು ಗೋವಾವನ್ನೂ ವ್ಯಾಪಿಸಿತು. 2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತವು ಈ ಕರಾವಳಿಗೆ ಗಾಳಿಮಳೆಯನ್ನು ತಂದಿತ್ತು. ಆದುದರಿಂದ ಕಟ್ಟಿಗೆ, ಹುಲ್ಲು ಮತ್ತು ಮಾಡಿನ ದುರಸ್ತಿಯನ್ನು ಮೇ 15ರೊಳಗೆ ಮುಗಿಸುವಂತೆ ಯೋಜಿಸುವುದು ಒಳಿತು.

ತರಗೆಲೆ ಮತ್ತು ಕಸವನ್ನು ಕಾಡಿನ ಅಂಚಿನಲ್ಲಿ ಸುಡಬಾರದು. ಅನಿವಾರ್ಯವಾದಲ್ಲಿ ಗಾಳಿಯಿಲ್ಲದ ಮುಂಜಾನೆ, ನೀರು ಕೈಗೆಟಕುವಂತಿಟ್ಟುಕೊಂಡು, ಬೆಂಕಿ ಪೂರ್ಣ ಆರುವವರೆಗೆ ಸ್ಥಳದಲ್ಲಿಯೇ ಇರಬೇಕು.

8. ಆಹಾರ ಮತ್ತು ಆರೋಗ್ಯ

ಕುಚ್ಚಲಕ್ಕಿ ಗಂಜಿ, ಮಜ್ಜಿಗೆ, ಮುರುಗಲು ಪಾನಕ, ಎಳನೀರು ಇವು ಈ ಭಾಗದ ಬೇಸಿಗೆಯ ಆಹಾರಗಳು. ಉಪ್ಪು ಬೆರೆತ ಗಂಜಿಯ ತಿಳಿಯು ಬೆವರಿನಿಂದ ಕಳೆದುಹೋದ ನೀರು ಮತ್ತು ಲವಣವನ್ನು ಒಟ್ಟಿಗೆ ತುಂಬಿಕೊಡುತ್ತದೆ. ಒ.ಆರ್.ಎಸ್. ಪೊಟ್ಟಣ ದೊರೆಯದಿದ್ದಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಉಪ್ಪಾದ ಬಾವಿನೀರನ್ನು ಇದಕ್ಕೆ ಬಳಸಬಾರದು.

ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಂಡುಬಂದವರನ್ನು ನೆರಳಿನಲ್ಲಿ ಮಲಗಿಸಿ ನೀರು ಕುಡಿಸಬೇಕು. ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು, ಮೈ ಅತಿಯಾಗಿ ಸುಡುವುದು ಇವು ಶಾಖಾಘಾತದ ಲಕ್ಷಣಗಳು. ಕರಾವಳಿಯ ಹಸಿ ಸೆಕೆಯಲ್ಲಿ ಬೆವರುತ್ತಿರುವ ವ್ಯಕ್ತಿಗೂ ಶಾಖಾಘಾತ ಆಗಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಿರಬೇಕು. ಪ್ರಜ್ಞೆ ಇಲ್ಲದವರಿಗೆ ಬಾಯಿಯ ಮೂಲಕ ಏನನ್ನೂ ಕೊಡಬಾರದು. ಜ್ವರದ ಮಾತ್ರೆಯಿಂದ ಇದು ಶಮನವಾಗುವುದಿಲ್ಲ. ಮದುವೆ ಮನೆಗಳಲ್ಲಿ ಹಾಗೂ ಅಂಕೋಲೆಯ ಬಂಡಿ ಹಬ್ಬದಂತಹ ಜನಸಂದಣಿಯ ಸಂದರ್ಭಗಳಲ್ಲಿ ವೃದ್ಧರು, ಗರ್ಭಿಣಿಯರು ಮತ್ತು ಮಕ್ಕಳಿಗೆ ನೆರಳು ಹಾಗೂ ನೀರಿನ ವ್ಯವಸ್ಥೆ ಇರತಕ್ಕದ್ದು.

9. ಸಿಡಿಲು ಮತ್ತು ಪರಿಹಾರದ ಅರ್ಜಿ

ಏಪ್ರಿಲ್–ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ನಂತರ ಗುಡುಗು ಸಹಿತ ಮಳೆ ಬರುತ್ತದೆ. ಒಣಗಲು ಹಾಕಿದ ಹಪ್ಪಳ, ಮೀನು, ಹುಲ್ಲುಗಳನ್ನು ಒಳಗೆ ತರಲು ಹಾಗೂ ಬಯಲಿನಲ್ಲಿರುವ ದನಗಳನ್ನು ಬಿಚ್ಚಿತರಲು ಜನರು ಹೊರಗೆ ಓಡುವ ಸಮಯವೂ ಸಿಡಿಲು ಬಡಿಯುವ ಸಮಯವೂ ಒಂದೇ ಆಗಿರುತ್ತದೆ. ಮೋಡ ಕವಿಯುವಾಗಲೇ ಇವುಗಳನ್ನು ಒಳಗೆ ತರಬೇಕು. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದು ತಿಳಿದು ಮನೆಯೊಳಗೆ ಇರಬೇಕು. ಕೊನೆಯ ಗುಡುಗು ಕೇಳಿಸಿದ ಮೇಲೆ 30 ನಿಮಿಷ ಹೊರಬರಬಾರದು. ತೆಂಗು, ಮಾವಿನ ಮರಗಳ ಕೆಳಗೆ ನಿಲ್ಲಬಾರದು. ಒಣಗಲು ಹಾಕಿದ ಪದಾರ್ಥ ನೆನೆದರೆ ಮತ್ತೊಮ್ಮೆ ಮಾಡಿಕೊಳ್ಳಬಹುದು.

ಸಿಡಿಲಿನಿಂದ ಜೀವಹಾನಿಯಾದಲ್ಲಿ ಪರಿಹಾರಕ್ಕಾಗಿ ಸಂಬಂಧಿಸಿದ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು. ವಿಪತ್ತು ಪರಿಹಾರ ನಿಧಿಯ 2022-23ರಿಂದ 2025-26ರ ಅವಧಿಯ ಮಾನದಂಡದಲ್ಲಿ ಮೃತರ ಕುಟುಂಬಕ್ಕೆ ರೂ. 4 ಲಕ್ಷ ಹಾಗೂ ಮೃತಪಟ್ಟ ಹಾಲು ಕೊಡುವ ಹಸು ಅಥವಾ ಎಮ್ಮೆಯೊಂದಕ್ಕೆ ರೂ. 37,500 ನಿಗದಿಯಾಗಿತ್ತು. ಅರ್ಜಿಯ ದಿನದಂದು ಜಾರಿಯಲ್ಲಿರುವ ಮೊತ್ತವನ್ನು ತಹಶೀಲ್ದಾರರ ಕಛೇರಿಯಲ್ಲಿ ತಿಳಿಯಬಹುದು. ಮನುಷ್ಯರ ವಿಷಯದಲ್ಲಿ ಪೊಲೀಸ್ ಠಾಣೆಗೆ ದೂರು ಮತ್ತು ಮರಣೋತ್ತರ ಪರೀಕ್ಷೆ, ಜಾನುವಾರುಗಳ ವಿಷಯದಲ್ಲಿ ಪಶುವೈದ್ಯಾಧಿಕಾರಿಗಳ ವರದಿ ಮುಖ್ಯ ದಾಖಲೆಗಳಾಗಿವೆ. ಇವುಗಳಿಗೆ ಮುನ್ನವೇ ಅಂತ್ಯಸಂಸ್ಕಾರ ಮಾಡಿದಲ್ಲಿ ಮರಣದ ಕಾರಣವನ್ನು ತದನಂತರ ಸಾಬೀತುಪಡಿಸುವುದು ಕಷ್ಟವಾಗುತ್ತದೆ. ದುಃಖದ ಸಮಯದಲ್ಲಿ ಕುಟುಂಬದವರಿಗೆ ಇದು ನೆನಪಿಗೆ ಬಾರದಿರುವುದು ಸಹಜವಾದುದರಿಂದ ನೆರೆಹೊರೆಯವರು ಮತ್ತು ಪಂಚಾಯಿತಿ ಸದಸ್ಯರು ಈ ಬಗ್ಗೆ ತಿಳಿಸಿ ಸಹಕರಿಸಲು ಕೋರಲಾಗಿದೆ. ಗ್ರಾಮ ಆಡಳಿತ ಅಧಿಕಾರಿಗಳ ಮಹಜರು, ವಾರಸುದಾರರ ವಿವರ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳನ್ನೂ ಲಗತ್ತಿಸತಕ್ಕದ್ದು.

10. ಗುಡ್ಡದ ತಪ್ಪಲಿನ ಮನೆಗಳು

ಕಾರವಾರ ತಾಲ್ಲೂಕಿನ ಕಡವಾಡದಲ್ಲಿ 2009ರ ಅಕ್ಟೋಬರ್‌ನಲ್ಲಿ ಹಾಗೂ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಜೀವಹಾನಿ ಸಂಭವಿಸಿದೆ. ಕುಸಿತವು ಮಳೆಗಾಲದಲ್ಲಿ ಆಗುವುದಾದರೂ ಅದರ ಮುನ್ಸೂಚನೆಗಳನ್ನು ನೆಲ ಒಣಗಿರುವ ಬೇಸಿಗೆಯಲ್ಲಿ ಗುರುತಿಸುವುದು ಸುಲಭ. ಮನೆಯ ಹಿಂದಿನ ಗುಡ್ಡದಲ್ಲಿ ಉದ್ದನೆಯ ಬಿರುಕು, ಹೊಸದಾಗಿ ವಾಲಿದ ಮರ ಅಥವಾ ಕಂಬ, ಕಡಿದಾಗಿ ಮಣ್ಣು ತೆಗೆದ ಜಾಗ, ಮುಚ್ಚಿಹೋದ ನೀರಿನ ಕಾಲುವೆ ಕಂಡುಬಂದಲ್ಲಿ ಏಪ್ರಿಲ್ ತಿಂಗಳೊಳಗೆ ಗ್ರಾಮ ಪಂಚಾಯಿತಿಗೆ ಮತ್ತು ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸತಕ್ಕದ್ದು.

11. ತಿಂಗಳವಾರು ಸಂಕ್ಷಿಪ್ತ ಪಟ್ಟಿ

- ಫೆಬ್ರವರಿ: ಬಾವಿಯ ನೀರಿನ ಮಟ್ಟ ಅಳೆದು ಗುರುತು ಹಾಕುವುದು, ಬಿಸಿಗಾಳಿಯ ಎಚ್ಚರಿಕೆಗಳನ್ನು ಗಮನಿಸುವುದು.
- ಮಾರ್ಚ್: ನೀರಿನ ಪರೀಕ್ಷೆ, ಮಜರೆಯ ವತಿಯಿಂದ ಕುಡಿಯುವ ನೀರಿನ ಮನವಿ, ಸಸಿಗಳಿಗಾಗಿ ವಿಚಾರಣೆ.
- ಏಪ್ರಿಲ್: ಗುಡ್ಡದ ಬಿರುಕುಗಳ ಪರಿಶೀಲನೆ; ತಂತಿಗೆ ತಾಗುವ ಕೊಂಬೆಗಳ ಬಗ್ಗೆ ಹೆಸ್ಕಾಂಗೆ ದೂರು; ಸಿಡಿಲಿನ ಬಗ್ಗೆ ಜಾಗ್ರತೆ.
- ಮೇ 15ರೊಳಗೆ: ಮಾಡು, ಕಾಲುವೆ, ಕಟ್ಟಿಗೆ, ಹುಲ್ಲು, ದಾಸ್ತಾನು ಪೂರ್ಣ, ಮಾಡಿನ ಮೇಲಿನ ಮಡಲು ತೆಗೆಯುವುದು, ಪಡಿತರ ಚೀಟಿ, ಪಹಣಿ, ಪಾಸ್‌ಪುಸ್ತಕಗಳನ್ನು ನೀರು ತಾಗದ ಚೀಲದಲ್ಲಿ ಇಡುವುದು.

12. ಸಂಪರ್ಕ

ಆಂಬುಲೆನ್ಸ್: 108. ಪೊಲೀಸ್ ಹಾಗೂ ಇತರ ತುರ್ತು ಸೇವೆ: 112. ಜಿಲ್ಲಾ ತುರ್ತು ನಿಯಂತ್ರಣ ಕೊಠಡಿ: 1077. ವಿದ್ಯುತ್ ದೂರು (ಹೆಸ್ಕಾಂ): 1912. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಮೊಬೈಲ್ ಆ್ಯಪ್ ಬಳಸಬಹುದು. ಅರ್ಜಿ ಸಲ್ಲಿಕೆಗೆ ಸಂಬಂಧಿಸಿದ ಹೆಚ್ಚಿನ ಮಾಹಿತಿಯನ್ನು ಆಯಾ ಗ್ರಾಮ ಪಂಚಾಯಿತಿ ಕಛೇರಿ, ನಾಡಕಛೇರಿ ಹಾಗೂ ಕಾರವಾರ ಮತ್ತು ಅಂಕೋಲಾ ತಹಶೀಲ್ದಾರರ ಕಛೇರಿಗಳಲ್ಲಿ ಕಛೇರಿ ವೇಳೆಯಲ್ಲಿ ಪಡೆಯಬಹುದಾಗಿದೆ. ದೂರದ ಹಳ್ಳಿಗಳಿಂದ ಬರುವ ಅರ್ಜಿದಾರರು ಬೇಸಿಗೆಯಲ್ಲಿ ಬೆಳಗಿನ ವೇಳೆಯಲ್ಲಿಯೇ ಬಂದು, ಎಲ್ಲಾ ದಾಖಲೆಗಳ ಮೂಲ ಹಾಗೂ ಒಂದು ಜೊತೆ ನಕಲು ಪ್ರತಿಗಳನ್ನು ಜೊತೆಯಲ್ಲಿ ತರಲು ಕೋರಲಾಗಿದೆ.